ಅಪ್ಪ ಹಡಗಿನಲ್ಲಿ, ಮಗಳು ನನ್ನ ಜೊತೆ ಕೆನಡಾಕ್ಕೆ

ನನ್ನ ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ನೀರಿನ ಮೇಲೇ ಇರುತ್ತಾರೆ. ಹಾಗಾಗಿ ಮಗಳ ಶಾಲೆ, ಲಸಿಕೆ, ಬ್ಯಾಂಕು ಅಂತ ಎಲ್ಲ ಕಾಗದಪತ್ರ ನನ್ನ ಪಾಲಿಗೇ. ಕೆನಡಾದ ಟೊರಾಂಟೊ ಹತ್ತಿರ ಇರುವ ನನ್ನ ತಂಗಿಗೆ ಏಪ್ರಿಲ್‌ನಲ್ಲಿ ಹೆರಿಗೆ ಅಂತ ಗೊತ್ತಾಯಿತು. ಬಾಣಂತನಕ್ಕೆ ಅಮ್ಮನೇ ಹೋಗಬೇಕಿತ್ತು. ಆದರೆ ಅಮ್ಮನ ಮಂಡಿ ನೋವು ಎಷ್ಟಿತ್ತೆಂದರೆ ಮಡಿಕೇರಿ ಪೇಟೆಯ ಏರು ಹತ್ತುವುದೇ ಕಷ್ಟ. ಕೊನೆಗೆ ನಾನು ಹೊರಟೆ. ಆರು ವರ್ಷದ ಮಗಳನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ.

ವಿಷಯ ತಿಳಿದವರೆಲ್ಲ ಒಂದೊಂದು ಹೇಳಿದರು. ಅಪ್ಪ ಜೊತೆಗಿಲ್ಲದೆ ಮಗುವನ್ನು ವಿಮಾನ ಹತ್ತಿಸುವುದೇ ಇಲ್ಲ, ಕೋರ್ಟ್ ಆರ್ಡರ್ ಬೇಕು ಅಂದರು ಕೆಲವರು. ತಾಯಿ ಅಲ್ವಾ, ಏನೂ ಬೇಡ, ಸುಮ್ನೆ ಹೋಗಿ ಅಂದರು ಇನ್ನು ಕೆಲವರು. ಎರಡೂ ಸರಿಯಲ್ಲ. ನಾನು ಇದನ್ನೆಲ್ಲ ಮಾಡಿ ಮುಗಿಸಿದ ಮೇಲೆ ನಮ್ಮ ಕಡೆಯ ಹಲವು ಹೆಂಗಸರು ಫೋನ್ ಮಾಡಿ ವಿಚಾರಿಸಿದರು. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಗಂಡಸರು ಸೈನ್ಯದಲ್ಲೋ ಗಲ್ಫ್‌ನಲ್ಲೋ ಹಡಗಿನಲ್ಲೋ ಇರುತ್ತಾರೆ. ಮಗುವಿನ ಜೊತೆ ಒಬ್ಬರೇ ಪ್ರಯಾಣ ಮಾಡುವ ತಾಯಂದಿರು ನಮ್ಮಲ್ಲಿ ಕಡಿಮೆ ಏನಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ ಪಾಸ್‌ಪೋರ್ಟ್. ಮಗಳಿಗೆ ಇರಲಿಲ್ಲ. ಇವರು ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮನೆಗೆ ಬಂದಿದ್ದರು, ಫೆಬ್ರವರಿಯಲ್ಲಿ ಮತ್ತೆ ಹಡಗು ಹತ್ತಬೇಕಿತ್ತು. ಅಷ್ಟರೊಳಗೆ ಇವರ ಸಹಿ ಬೇಕಾದ ಎಲ್ಲ ಕೆಲಸ ಮುಗಿಸಬೇಕು ಅಂತ ತೀರ್ಮಾನಿಸಿದೆವು. ಇಡೀ ಪ್ರಕ್ರಿಯೆಯಲ್ಲಿ ನಮ್ಮನ್ನು ಕಾಪಾಡಿದ್ದು ಈ ಒಂದು ತೀರ್ಮಾನ.

18 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರೂ ಒಪ್ಪಿದ್ದಾರೆ ಎಂಬ ಘೋಷಣೆ ಕೊಡಬೇಕು. ಅರ್ಜಿಯ ಜೊತೆ ಲಗತ್ತಿಸುವ ಆ ನಮೂನೆಗೆ ಅನೆಕ್ಷರ್ ಡಿ ಅನ್ನುತ್ತಾರೆ. ಅರ್ಜಿ ತುಂಬಲು ಹೋದ ಸೈಬರ್ ಸೆಂಟರ್‌ನಲ್ಲಿ, ಅದನ್ನು ಸ್ಟಾಂಪ್ ಪೇಪರ್ ಮೇಲೆ ಮಾಡಿಸಿ, ನೋಟರಿ ಸೀಲು ಹಾಕಿಸಿಕೊಂಡು ಬನ್ನಿ ಅಂದರು. ಅದು ಹಳೆಯ ಕಾಲದ ಮಾತು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಈ ನಿಯಮ ಬದಲಿಸಿದೆ. ಆಗ 15 ಇದ್ದ ಅನೆಕ್ಷರ್‌ಗಳನ್ನು 9ಕ್ಕೆ ಇಳಿಸಿದರು. ಎಲ್ಲವನ್ನೂ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟರೆ ಸಾಕು, ನೋಟರಿ ಬೇಡ, ತಹಶೀಲ್ದಾರರ ಸಹಿಯೂ ಬೇಡ. ನಾವು ಬಿಳಿ ಹಾಳೆಯಲ್ಲೇ ಪ್ರಿಂಟ್ ತೆಗೆದು ಇಬ್ಬರೂ ಸಹಿ ಮಾಡಿದೆವು. ಯಾರೂ ಏನೂ ಕೇಳಲಿಲ್ಲ.

ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೈಸೂರಿನಲ್ಲಿ. ಪೋಸ್ಟ್ ಆಫೀಸಿನಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಬೆಳಕು ಹರಿಯುವ ಮೊದಲೇ ಬಸ್ ಹತ್ತಿದೆವು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟುವಷ್ಟರಲ್ಲಿ ಮಗಳಿಗೆ ನಿದ್ದೆ. ಇವರು ತೋಟದ ಕೆಲಸಕ್ಕೆ ಮನೆಯಲ್ಲೇ ಉಳಿದರು, ಕಾಫಿ ಕೊಯ್ಲಿನ ಸಮಯ. ತಂದೆ ತಾಯಿ ಇಬ್ಬರೂ ಬರಬೇಕಾಗಿಲ್ಲ, ಒಬ್ಬರು ಮಗುವಿನ ಜೊತೆ ಹೋದರೆ ಆಯಿತು. ಆದರೆ ಇಬ್ಬರ ಮೂಲ ಪಾಸ್‌ಪೋರ್ಟೂ ಕೈಯಲ್ಲಿರಬೇಕು. ಶುಲ್ಕ ₹1000. 8 ವರ್ಷದೊಳಗಿನ ಮಕ್ಕಳಿಗೆ ಹತ್ತು ಪರ್ಸೆಂಟ್ ಕಡಿಮೆ, ಹಾಗಾಗಿ ₹900 ಆಯಿತು.

ಕೌಂಟರ್‌ನಲ್ಲಿ ಕುಳಿತಿದ್ದವರು ತಾಳ್ಮೆಯ ಮನುಷ್ಯ. ಮಗಳಿಗೆ ಕನ್ನಡದಲ್ಲಿ ಹೆಸರು ಬರೆಯಲು ಬರುತ್ತೆ ಅಂತ ತಿಳಿದು, "ಹಾಗಾದ್ರೆ ಹೆಬ್ಬೆಟ್ಟು ಯಾಕೆ, ನೀನೇ ಸಹಿ ಮಾಡು ಪುಟ್ಟಿ" ಅಂದರು. ಅವಳು ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದಳು. ಕೊನೆಯ ಒತ್ತಕ್ಷರ ಪೆಟ್ಟಿಗೆಯ ಗೆರೆ ದಾಟಿತು. ಇನ್ನೊಂದು ಹಾಳೆ ಕೊಟ್ಟು ಮತ್ತೆ ಬರೆಸಿದರು. ಫೋಟೋ ಅಲ್ಲೇ ತೆಗೆದರು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನಾವೇ ಒಯ್ಯಬೇಕು. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೆ ಮಾತ್ರ ಕೊಡುತ್ತಾರೆ. ಅಂಚೆಯಲ್ಲಿ ಮನೆಗೇ ಬಂತು. ಕೊನೆಯ ಪುಟದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಅಚ್ಚಾಗಿತ್ತು. ಆ ಪುಟಕ್ಕೆ ಮುಂದೆ ಎಷ್ಟು ಬೆಲೆ ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಪಾಸ್‌ಪೋರ್ಟ್ ಬಂದ ಮೇಲೆ ವೀಸಾ. ಮಗು ತಂದೆ ತಾಯಿಯರಲ್ಲಿ ಒಬ್ಬರ ಜೊತೆ ಮಾತ್ರ ಬರುವುದಾದರೆ ಏನೇನು ಬೇಕು ಅಂತ ಕೆನಡಾ ಸರ್ಕಾರ ಬಹಳ ಸ್ಪಷ್ಟವಾಗಿ ಹೇಳಿದೆ. ಮಗುವಿನದೇ ಪಾಸ್‌ಪೋರ್ಟ್. ಜನನ ಪ್ರಮಾಣಪತ್ರದ ಪ್ರತಿ. ಜೊತೆಗೆ ಬಾರದ ಅಪ್ಪ ಅಥವಾ ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರ, ಅದರಲ್ಲಿ ಅವರ ವಿಳಾಸ ಮತ್ತು ಫೋನ್ ನಂಬರ್, ಆದಷ್ಟು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ. ಆಮೇಲೆ ಅವರ ಸಹಿ ಕಾಣುವ ಪಾಸ್‌ಪೋರ್ಟ್ ಇಲ್ಲವೇ ಗುರುತಿನ ಚೀಟಿಯ ಪ್ರತಿ. ಇಷ್ಟೇ. ಓದಿದಾಗ ಅರ್ಧ ದಿನದ ಕೆಲಸ ಅನ್ನಿಸಿತು. ಆದರೆ ಜನನ ಪ್ರಮಾಣಪತ್ರ ತೆಗೆದು ನೋಡಿದಾಗ ಇನ್ನೊಂದು ತೊಡಕು ಎದುರಾಯಿತು.

ನಮ್ಮ ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಅವರ ಮನೆ ಹೆಸರು, ಮಾದಪ್ಪ ಅವರ ತಂದೆ. ಹೆಣ್ಣು ಮದುವೆಯಾದ ಮೇಲೆ ಗಂಡನ ಮನೆ ಹೆಸರು ಹಾಕಿಕೊಳ್ಳುತ್ತಾಳೆ. ನನ್ನ ಪಾಸ್‌ಪೋರ್ಟ್ ಮಾಡಿಸಿದ್ದು ಮದುವೆಯ ನಂತರ, ಅದರಲ್ಲಿ ಗಂಡನ ಮನೆ ಹೆಸರಿದೆ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ನನ್ನ ತವರು ಮನೆ ಹೆಸರು. ಹೆರಿಗೆಗೆ ಸೇರಿದಾಗ ಆಸ್ಪತ್ರೆಯವರು ನನ್ನ ಹಳೆಯ ಗುರುತಿನ ಚೀಟಿ ನೋಡಿ ಹಾಗೆ ಬರೆದುಕೊಂಡಿದ್ದರು. ನಮ್ಮೂರಿನವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಎರಡು ಮನೆ ಹೆಸರು ಕೇಳಿದ ತಕ್ಷಣ ಯಾರ ಮಗಳು, ಯಾರ ಸೊಸೆ ಅಂತ ಹೇಳಿಬಿಡುತ್ತಾರೆ. ಆದರೆ ಟೊರಾಂಟೊ ವಿಮಾನ ನಿಲ್ದಾಣದ ಅಧಿಕಾರಿಗೆ ಏನು ಗೊತ್ತು? ಅವರ ಕಣ್ಣಿಗೆ ಪಾಸ್‌ಪೋರ್ಟ್‌ನಲ್ಲಿರುವ ಹೆಂಗಸು ಒಬ್ಬಳು, ಮಗುವಿನ ತಾಯಿ ಇನ್ನೊಬ್ಬಳು.

ಕೊಡಗಿನ ಅರೆಭಾಷೆ ಗೌಡರಲ್ಲೂ ಮನೆ ಹೆಸರಿನ ಪದ್ಧತಿ ಇದೆ. ಹಾಗಾಗಿ ಇದು ನಮ್ಮ ಮನೆಯೊಂದರ ತೊಂದರೆ ಅಲ್ಲ. ಜನನ ಪ್ರಮಾಣಪತ್ರವನ್ನೇ ತಿದ್ದಿಸಲು ಹೋಗಬೇಕೇ ಅಂತ ಯೋಚಿಸಿದೆವು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪನ್ನು ಸರಿಪಡಿಸಲು ಅವಕಾಶ ಇದೆ. ಆದರೆ ಇಲ್ಲಿ ತಪ್ಪೇನೂ ಆಗಿರಲಿಲ್ಲ. ಅದೂ ನನ್ನ ಹೆಸರೇ, ಇದೂ ನನ್ನ ಹೆಸರೇ. ನಮ್ಮ ವಕೀಲರು ಹೇಳಿದ ದಾರಿ ಸುಲಭವಾಗಿತ್ತು. ಮದುವೆ ನೋಂದಣಿ ಪತ್ರದ ಪ್ರತಿ ಇಡಿ, ಎರಡೂ ಹೆಸರು ಒಬ್ಬಳದೇ ಅಂತ ಒಂದು ಅಫಿಡವಿಟ್ ಮಾಡಿಸಿ. ನಾವು ಹಾಗೇ ಮಾಡಿದೆವು. ಜೊತೆಗೆ ಜನನ ಪ್ರಮಾಣಪತ್ರದ ಹೊಸ ಪ್ರತಿ ತೆಗೆಸಿದೆವು. ಹಳೆಯದರಲ್ಲಿ ವಿವರ ಕನ್ನಡದಲ್ಲಿ ಮಾತ್ರ ಇತ್ತು, ಹೊಸದರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಂತು. ಅನುವಾದದ ಖರ್ಚು ಉಳಿಯಿತು.

ಇನ್ನು ಒಪ್ಪಿಗೆ ಪತ್ರ. ಪತ್ರಕ್ಕೆ ನೋಟರಿ ಸಹಿ ಇರಲೇಬೇಕು ಅಂತ ಕೆನಡಾದ ವೀಸಾ ಪಟ್ಟಿಯಲ್ಲಿ ಇಲ್ಲ. ಆದರೂ ನಾವು ಮಾಡಿಸಿದೆವು. ಸಹಿ ನಿಜವಾಗಿಯೂ ಅಪ್ಪನದೇ ಅಂತ ಮೂರನೆಯವರೊಬ್ಬರು ಹೇಳಿದರೆ ಅದರ ತೂಕ ಬೇರೆ. ಪತ್ರವನ್ನು ನಾನೇ ಬರೆದೆ. ಇವರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ಮಗಳದೂ ನನ್ನದೂ ಅದೇ ವಿವರ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ದೇಶಕ್ಕೆ, ಯಾರ ಮನೆಗೆ, ಆ ಮನೆಯ ವಿಳಾಸ, ತಂಗಿಯ ಫೋನ್. ಮಗಳಿಗೆ ಅಲ್ಲಿ ಹುಷಾರು ತಪ್ಪಿದರೆ ಚಿಕಿತ್ಸೆಯ ಬಗ್ಗೆ ನಾನೇ ತೀರ್ಮಾನ ತೆಗೆದುಕೊಳ್ಳಬಹುದು ಎಂಬ ಒಂದು ಸಾಲು. ಇವರನ್ನು ಸಂಪರ್ಕಿಸಲು ಇಮೇಲ್. ಹಡಗು ನಡುನೀರಿನಲ್ಲಿದ್ದರೆ ಫೋನ್ ಸಿಗುವುದಿಲ್ಲ, ಹಾಗಾಗಿ ಮಾವನವರ ನಂಬರನ್ನೂ ಸೇರಿಸಿದೆವು.

ಮಡಿಕೇರಿಯಲ್ಲಿ ನೋಟರಿ ಮಾಡುವ ವಕೀಲರ ಕಚೇರಿ ಒಂದು ಸಣ್ಣ ಕೋಣೆ. ಮೊದಲ ಸಲ ನಾನೊಬ್ಬಳೇ ಹೋಗಿದ್ದೆ, ಏನೇನು ತರಬೇಕು ಅಂತ ಕೇಳಲು. ಅಲ್ಲಿ ಒಬ್ಬ ತಾಯಿ ಗಂಡನ ಸಹಿ ಇರುವ ಕಾಗದ ಹಿಡಿದು ಕುಳಿತಿದ್ದರು. ಗಂಡ ದುಬೈನಲ್ಲಿ. ಸಹಿ ಮಾಡಿ ಕೊರಿಯರ್ ಮಾಡಿದ್ದರಂತೆ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದಕ್ಕೆ ನಾನು ಸೀಲು ಹಾಕೋ ಹಾಗಿಲ್ಲಮ್ಮ. ಅವರು ನನ್ನ ಕಣ್ಮುಂದೆ ಸಹಿ ಮಾಡಬೇಕು. ಅವರು ಅಲ್ಲಿದ್ದಾರೆ ಅಂದ್ರೆ ಅಲ್ಲಿನ ನಮ್ಮ ಕಾನ್ಸುಲೇಟ್‌ಗೆ ಹೋಗಿ ಅಲ್ಲೇ ದೃಢೀಕರಣ ಮಾಡಿಸಲಿ."

"ಬೇರೆ ಕಡೆ ಹಾಕಿಕೊಡ್ತಾರಲ್ಲ ಸಾರ್?"

"ಹಾಕ್ತಾರೋ ಇಲ್ವೋ ಗೊತ್ತಿಲ್ಲ. ನಾಳೆ ಯಾರಾದ್ರೂ ಪ್ರಶ್ನೆ ಮಾಡಿದ್ರೆ ಸಿಕ್ಕಿಹಾಕಿಕೊಳ್ಳೋದು ನೀವು. ಮಗು ನಿಮ್ಮ ಕೈಯಲ್ಲಿರುತ್ತೆ, ಪರದೇಶದಲ್ಲಿ."

ಆ ತಾಯಿಗೆ ಬೇಜಾರಾಯಿತು. ನನಗೆ ಮಾತ್ರ ಆ ವಕೀಲರ ಮೇಲೆ ಗೌರವ ಬಂತು. ನಮ್ಮವರು ಆಗಲೇ ಹಡಗು ಹತ್ತಿದ್ದರೆ ನಮ್ಮ ಗತಿಯೂ ಅದೇ. ಬಂದರಿನಲ್ಲಿ ಹಡಗು ಕೆಲವೇ ಗಂಟೆ ನಿಲ್ಲುತ್ತದೆ, ಊರೊಳಗೆ ಹೋಗಿ ಕಾನ್ಸುಲೇಟ್ ಹುಡುಕುವುದು ಆಗುವ ಮಾತಲ್ಲ. ಮರುದಿನ ಇವರನ್ನು ಕರೆದುಕೊಂಡು ಹೋದೆ. ವಕೀಲರು ಪಾಸ್‌ಪೋರ್ಟ್ ಫೋಟೋ ನೋಡಿದರು, ಇವರ ಮುಖ ನೋಡಿದರು, ಪತ್ರವನ್ನು ಇವರ ಕೈಗೇ ಕೊಟ್ಟು ಪೂರ್ತಿ ಓದಿಸಿದರು. ಆಮೇಲೆ ಸಹಿ. ಅವರ ರಿಜಿಸ್ಟರ್‌ನಲ್ಲಿ ಇನ್ನೊಂದು ಸಹಿ. ಕೊನೆಗೆ ಸ್ಟಾಂಪು, ಗುಂಡು ಸೀಲು. ನಾವು ಎರಡು ಮೂಲ ಪ್ರತಿ ಮಾಡಿಸಿದೆವು, ಒಂದು ಕಳೆದರೆ ಇನ್ನೊಂದು ಇರಲಿ ಅಂತ.

ವೀಸಾ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಿದೆವು. ಒಬ್ಬೊಬ್ಬರಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ ಬೇರೆ 85. ಬೆರಳಚ್ಚು 14 ತುಂಬದ ಮಕ್ಕಳಿಗೆ ಬೇಡ, ಹಾಗಾಗಿ ಬೆಂಗಳೂರಿಗೆ ನಾನೊಬ್ಬಳೇ ಹೋಗಿ ಬಂದೆ. ಈ ಭಾಗದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ವೀಸಾ ಬಂತು. ಅಷ್ಟರಲ್ಲಿ ಇವರು ಹೊರಟು ಹೋಗಿದ್ದರು.

ಏಪ್ರಿಲ್‌ನಲ್ಲಿ ತೋಟದಲ್ಲಿ ಕಾಫಿ ಹೂ ಬಿಟ್ಟು ಮುಗಿದಿತ್ತು, ಶಾಲೆಗೆ ರಜೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಚೆಕ್ ಇನ್ ಕೌಂಟರ್‌ನ ಹುಡುಗಿಯೇ ಮೊದಲು ಕೇಳಿದಳು, "ಮಗುವಿನ ತಂದೆಯ ಒಪ್ಪಿಗೆ ಪತ್ರ ಇದೆಯಾ ಮೇಡಂ?" ಅಲ್ಲಿ ಇಳಿದ ಮೇಲೆ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದ್ದು, ಅದಕ್ಕೇ ಅವರು ಇಲ್ಲೇ ನೋಡಿಕೊಳ್ಳುತ್ತಾರೆ. ಪತ್ರ ತೋರಿಸಿದೆ, ಬೋರ್ಡಿಂಗ್ ಪಾಸ್ ಕೊಟ್ಟಳು. ನಮ್ಮ ಇಮಿಗ್ರೇಷನ್ ಅಧಿಕಾರಿ ಪತ್ರ ಕೇಳಲೇ ಇಲ್ಲ. ಎಲ್ಲಿಗೆ, ಯಾರ ಮನೆಗೆ, ಗಂಡ ಏನು ಮಾಡ್ತಾರೆ ಅಂತ ಕೇಳಿದರು, ಮಗಳ ಪಾಸ್‌ಪೋರ್ಟ್‌ನ ಕೊನೆಯ ಪುಟ ತಿರುಗಿಸಿ ನನ್ನ ಹೆಸರು ನೋಡಿದರು, ಮುದ್ರೆ ಒತ್ತಿದರು.

ನಿಜವಾದ ವಿಚಾರಣೆ ಆಗಿದ್ದು ಟೊರಾಂಟೊದಲ್ಲಿ. ಅಧಿಕಾರಿ ನನ್ನನ್ನು ಬಿಟ್ಟು ಮೊದಲು ಮಗಳ ಜೊತೆ ಮಾತಿಗಿಳಿದರು. ಕೌಂಟರ್ ಮೇಲಿಂದ ಬಗ್ಗಿ, ನಿಧಾನವಾಗಿ, ನಿನ್ನ ಹೆಸರೇನು, ಇವರು ಯಾರು, ಎಲ್ಲಿಗೆ ಹೋಗ್ತಾ ಇದ್ದೀಯ ಅಂತ ಕೇಳಿದರು. ನಾನು ಬಾಯಿ ಹಾಕಲು ಹೋದಾಗ ಕೈ ಸ್ವಲ್ಪ ಎತ್ತಿ, ಅವಳೇ ಹೇಳಲಿ ಅಂದರು. ಮಗಳಿಗೆ ಶಾಲೆಯ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ. ಚಿಕ್ಕಮ್ಮನ ಹೆಸರು ಹೇಳಿದಳು, ಪಾಪು ಹುಟ್ಟುತ್ತೆ ಅಂದಳು. ಅಪ್ಪ ಎಲ್ಲಿ ಅಂದಾಗ "ಇನ್ ದ ಸೀ" ಅಂದಳು. ಅಧಿಕಾರಿ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಫೈಲ್ ಕೊಟ್ಟೆ. ಅವರು ಪತ್ರವನ್ನು ಕೊನೆಯ ಸಾಲಿನವರೆಗೂ ಓದಿದರು, ಇವರ ಸಹಿಯನ್ನು ಪಾಸ್‌ಪೋರ್ಟ್ ಪ್ರತಿಯ ಸಹಿಯ ಪಕ್ಕ ಇಟ್ಟು ನೋಡಿದರು. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಮೇಲೆ ಬೆರಳಿಟ್ಟು ಇದು ಯಾಕೆ ಬೇರೆ ಅಂದರು. ನಾನು ಅಫಿಡವಿಟ್ ತೆಗೆದು ತೋರಿಸಿದೆ. ಮುಗಿಯಿತು.

ಆ ಪ್ರಶ್ನೆಗಳು ನನಗೆ ಅವಮಾನ ಅನ್ನಿಸಲಿಲ್ಲ. ಬೇರೆಯಾದ ಗಂಡ ಹೆಂಡತಿಯರಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳದೆ ಮಗುವನ್ನು ಹೊರದೇಶಕ್ಕೆ ಒಯ್ಯುವುದು ನಡೆಯುತ್ತಲೇ ಇದೆ. ಅಂಥ ಮಕ್ಕಳನ್ನು ವಾಪಸ್ ಕರೆತರಲು ಹೇಗ್‌ನಲ್ಲಿ 1980ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿದೆ. ಅದನ್ನು ಮೊದಲಿಗೆ ಜಾರಿಗೆ ತಂದ ದೇಶಗಳಲ್ಲಿ ಕೆನಡಾ ಒಂದು. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಒಮ್ಮೆ ಮಗು ಗಡಿ ದಾಟಿತೆಂದರೆ ಹಿಂದೆ ಉಳಿದ ಅಪ್ಪನಿಗೋ ಅಮ್ಮನಿಗೋ ಸಿಗುವುದು ವರ್ಷಗಟ್ಟಲೆ ಕೋರ್ಟು ಕಚೇರಿ. ಅಧಿಕಾರಿ ನನ್ನ ಮಗಳನ್ನು ನೇರವಾಗಿ ಮಾತಾಡಿಸಿದ್ದು ನನಗೆ ಬಹಳ ಸರಿ ಅನ್ನಿಸಿತು. ಅವಳನ್ನು ಯಾರಾದರೂ ನನ್ನಿಂದ ಹೀಗೆ ಕರೆದೊಯ್ಯುತ್ತಿದ್ದರೆ, ಅಲ್ಲೊಬ್ಬರು ಬಗ್ಗಿ ಕೇಳಲಿ ಅಂತಲೇ ನಾನೂ ಬಯಸುತ್ತಿದ್ದೆ.

ಎಲ್ಲ ದೇಶದ್ದೂ ಒಂದೇ ನಿಯಮ ಅಲ್ಲ. ದಕ್ಷಿಣ ಆಫ್ರಿಕಾ 2015ರ ಜೂನ್‌ನಲ್ಲಿ ಬಹಳ ಕಟ್ಟುನಿಟ್ಟು ಮಾಡಿತ್ತು, ತಂದೆ ತಾಯಿ ಇಬ್ಬರ ವಿವರ ಇರುವ ಪೂರ್ತಿ ಜನನ ಪ್ರಮಾಣಪತ್ರ ಬೇಕೇ ಬೇಕು ಅಂತ. ಪ್ರವಾಸಿಗರು ಕಡಿಮೆಯಾಗುತ್ತಾರೆ ಅಂತ ಗಲಾಟೆಯಾಗಿ ಆಮೇಲೆ ಸಡಿಲಿಸಿದರು. ಹೋಗುವ ದೇಶದ ಸರ್ಕಾರದ ಪುಟದಲ್ಲೇ ಓದಿ. ಟ್ರಾವೆಲ್ ಏಜೆಂಟರ ಮಾತೊಂದನ್ನೇ ನಂಬಬೇಡಿ.

ನನ್ನದು ಸುಲಭದ ಕೇಸು. ಒಪ್ಪಿಗೆ ಕೊಡುವ ಗಂಡ ಮನೆಯಲ್ಲೇ ಇದ್ದರು. ಹಾಗಿಲ್ಲದವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಡೈವೋರ್ಸ್ ಆಗಿ ಮಗು ನಿಮ್ಮ ಸುಪರ್ದಿಗೆ ಬಂದಿದ್ದರೆ ಕೋರ್ಟ್ ಆದೇಶದ ಪ್ರತಿ ಬೇಕು. ಅದರಲ್ಲಿ ಹೊರದೇಶಕ್ಕೆ ಒಯ್ಯುವ ಬಗ್ಗೆ ಷರತ್ತು ಏನಾದರೂ ಇದೆಯಾ ಅಂತ ವಕೀಲರಿಂದ ಓದಿಸಿಕೊಳ್ಳಿ. ಕೇಸು ಇನ್ನೂ ನಡೆಯುತ್ತಿದ್ದರೆ ಕೋರ್ಟಿನ ಅನುಮತಿ ಕೇಳದೆ ಹೊರಡಬೇಡಿ.

ಗಂಡ ಬಿಟ್ಟು ಹೋಗಿ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲ, ಕೋರ್ಟಿಗೂ ಹೋಗಿಲ್ಲ ಅನ್ನುವವರಿಗೆ ಎಲ್ಲರೂ ಹೇಳುವುದು ಒಂದೇ: ಅಪ್ಪನ ಸಹಿ ಇಲ್ಲದೆ ಮಗುವಿಗೆ ಪಾಸ್‌ಪೋರ್ಟ್ ಸಿಗಲ್ಲ. ಇದು ಸುಳ್ಳು. ಅನೆಕ್ಷರ್ ಸಿ ಇರುವುದೇ ಅದಕ್ಕೆ. ಮಗು ನನ್ನ ಜೊತೆ ಇದೆ, ಇನ್ನೊಬ್ಬರ ಒಪ್ಪಿಗೆ ಇಂಥ ಕಾರಣಕ್ಕೆ ಸಿಗುತ್ತಿಲ್ಲ ಅಂತ ತಾಯಿ ತಾನೇ ಬರೆದು ಸಹಿ ಮಾಡಿಕೊಡಬಹುದು. ಕೋರ್ಟ್ ತಡೆ ಏನಾದರೂ ಇದೆಯೇ ಎಂಬುದನ್ನೂ ಅದರಲ್ಲಿ ನಿಜವಾಗಿ ಹೇಳಬೇಕು. 1956ರ ಹಿಂದೂ ಪಾಲಕತ್ವ ಕಾಯ್ದೆಯಲ್ಲಿ ಮಗುವಿಗೆ ಪಾಲಕ ತಂದೆ, "ಅವನ ನಂತರ" ತಾಯಿ ಅಂತ ಇದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ತಾಯಿಯ ಸಹಿ ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರುತ್ತಿಲ್ಲ ಅಂದರೆ ತಾಯಿಯೇ ಪಾಲಕಿ ಅಂತ 1999ರಲ್ಲಿ ತೀರ್ಪು ಬಂತು. ಅಷ್ಟು ವರ್ಷ ಕಳೆದರೂ ನಮ್ಮ ಪೇಟೆಗಳಲ್ಲಿ ಅರ್ಜಿ ತುಂಬಿಕೊಡುವವರ ಬಾಯಲ್ಲಿ ಇನ್ನೂ ಹಳೆಯ ಮಾತೇ ಇದೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ.

ಸೋಮವಾರಪೇಟೆಯ ನನ್ನ ಗೆಳತಿಯೊಬ್ಬಳಿಗೆ ಹಾಗೇ ಹೇಳಿ ವಾಪಸ್ ಕಳಿಸಿದ್ದರು. ಅವಳ ಮಗ ನಾಲ್ಕನೇ ಕ್ಲಾಸು. ಅವಳ ಅಣ್ಣ ಮಸ್ಕತ್‌ನಲ್ಲಿದ್ದಾರೆ, ರಜೆಗೆ ಕರೆಯುತ್ತಿದ್ದಾರೆ. ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಕುಳಿತು ಅನೆಕ್ಷರ್ ಸಿ ತುಂಬಿದೆವು. ಕಾರಣ ಬರೆಯುವ ಜಾಗದಲ್ಲಿ ಅವಳು ತುಂಬಾ ಹೊತ್ತು ಪೆನ್ನು ಹಿಡಿದು ಕುಳಿತಿದ್ದಳು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮಗನ ಜನನ ಪ್ರಮಾಣಪತ್ರದಲ್ಲಿ ಅವಳ ಹೆಸರೂ ತವರು ಮನೆಯದ್ದೇ, ಹಾಗಾಗಿ ಅಫಿಡವಿಟ್‌ಗೆ ಅದೇ ವಕೀಲರ ಹತ್ತಿರ ಕಳಿಸಿದ್ದೇನೆ. ಮೈಸೂರಿನ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.